ವೆಸ್ಟ್‌ಪೋರ್ಟಿನ ಹಡಗುಕಟ್ಟೆ: ಪಾಲ್ ಕಫೀಯ ಬದುಕು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ದಕ್ಷಿಣ ಕರಾವಳಿಯ ಕೆಲವು ಊರುಗಳ ಹೆಸರು ಸಾಹಿತ್ಯದ ಓದುಗರಿಗೆ ಅಪರಿಚಿತವಲ್ಲ. ಹರ್ಮನ್ ಮೆಲ್ವಿಲ್‌ನ ‘ಮೊಬಿ ಡಿಕ್’ ಕಾದಂಬರಿಯ ನಿರೂಪಕನು ಹಡಗನ್ನೇರುವ ಮುನ್ನ ತಂಗುವ ನ್ಯೂ ಬೆಡ್‌ಫರ್ಡ್ ಇರುವುದು ಅಲ್ಲಿಯೇ. ಅವನು ಹಡಗು ಹತ್ತುವ ನಾನ್‌ಟಕೆಟ್ ದ್ವೀಪವೂ ಅಲ್ಲಿಂದ ದೂರವಿಲ್ಲ. ಆದರೆ ನ್ಯೂ ಬೆಡ್‌ಫರ್ಡಿನ ಪಶ್ಚಿಮಕ್ಕೆ ಅದೇ ಕಡಲಂಚಿನಲ್ಲಿರುವ ವೆಸ್ಟ್‌ಪೋರ್ಟ್ ಎಂಬ ಚಿಕ್ಕ ಊರನ್ನು ಕೇಳಿ ಬಲ್ಲವರು ಕಡಿಮೆ. ಪೂರ್ವ ಮತ್ತು ಪಶ್ಚಿಮದ ಎರಡು ಕವಲುಗಳಾಗಿ ಹರಿದು ಬರುವ ನದಿಯೊಂದು ಅಲ್ಲಿ ಸಮುದ್ರವನ್ನು ಕೂಡುತ್ತದೆ. ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ ಆ ನದಿಯ ದಂಡೆಯಲ್ಲಿ ಒಬ್ಬನು ಹಡಗುಗಳನ್ನು ಕಟ್ಟುತ್ತಿದ್ದನು. ಅವನ ತಂದೆ ಆಫ್ರಿಕದಿಂದ ಗುಲಾಮನಾಗಿ ತರಲ್ಪಟ್ಟವನು. ತಾಯಿ ಆ ನೆಲದ ಮೂಲನಿವಾಸಿಗಳಾದ ವಾಂಪನೋಗ್ ಜನಾಂಗದವಳು. ಅವನ ಹೆಸರು ಪಾಲ್ ಕಫೀ.

ಇತಿಹಾಸದ ಪುಸ್ತಕಗಳಲ್ಲಿ ಕಫೀಗೆ ದೊರೆತಿರುವ ಸ್ಥಾನ ಸಾಮಾನ್ಯವಾಗಿ ಒಂದೇ: ಅಮೆರಿಕದ ಕಪ್ಪು ಜನರನ್ನು ಆಫ್ರಿಕಕ್ಕೆ ಮರಳಿ ಕರೆದೊಯ್ಯುವ ಚಳವಳಿಯ ಮೊದಲಿಗ. ಇದು ಸುಳ್ಳಲ್ಲ. ಆದರೆ ಅವನ ಬದುಕಿನ 58 ವರ್ಷಗಳಲ್ಲಿ ಆಫ್ರಿಕದ ಪ್ರಯಾಣಗಳಿಗೆ ಸಂದವು ಕೊನೆಯ ಏಳೆಂಟು ವರ್ಷಗಳು ಮಾತ್ರ. ಉಳಿದ ಕಾಲವೆಲ್ಲ ಅವನು ಮಾಡಿದ್ದು ಒಂದೇ ನದಿಯ ದಂಡೆಯಲ್ಲಿ ನೆಲ ಕೊಂಡು, ಮನೆ ಮಾಡಿ, ಒಂದಕ್ಕಿಂತ ಒಂದು ದೊಡ್ಡದಾದ ಹಡಗುಗಳನ್ನು ಕಟ್ಟಿದ ಕೆಲಸ. ಹಡಗುಕಟ್ಟೆಯ ಕಡೆಯಿಂದ ನೋಡಿದರೆ ಕಫೀ ಹೊರಟುಹೋಗಲು ಬಯಸಿದವನಾಗಿ ಕಾಣುವುದಿಲ್ಲ. ತನ್ನ ಊರಿನಲ್ಲಿ ತಲೆಯೆತ್ತಿ ನಿಲ್ಲುವುದಕ್ಕಾಗಿಯೇ ಅವನು ಹಡಗು ಕಟ್ಟಿದನೆಂದು ತೋರುತ್ತದೆ. ಅವನ ಕಥೆಯನ್ನು ಆ ಕಡೆಯಿಂದ ಹೇಳಲು ಇಲ್ಲಿ ಪ್ರಯತ್ನಿಸಿದ್ದೇನೆ.

ಕಥೆ ಒಂದು ಹೆಸರಿನಿಂದ ಆರಂಭವಾಗುತ್ತದೆ. ಪಶ್ಚಿಮ ಆಫ್ರಿಕದ ಅಕಾನ್ ಜನರಲ್ಲಿ ಮಗುವಿಗೆ ಅದು ಹುಟ್ಟಿದ ವಾರದ ಹೆಸರನ್ನಿಡುವ ರೂಢಿಯುಂಟು; ಶುಕ್ರವಾರ ಹುಟ್ಟಿದ ಗಂಡುಮಗು ‘ಕೋಫಿ’. ಹಾಗೆ ಹೆಸರು ಪಡೆದ ಹುಡುಗನೊಬ್ಬನು ಎಳೆಯ ವಯಸ್ಸಿನಲ್ಲಿಯೇ ಸೆರೆಸಿಕ್ಕಿ, ಹಡಗಿನಲ್ಲಿ ಮ್ಯಾಸಚೂಸೆಟ್ಸಿಗೆ ಬಂದು, ಡಾರ್ಟ್‌ಮತ್ ಊರಿನ ಸ್ಲೋಕಮ್ ಎಂಬ ಕ್ವೇಕರ್ ಕುಟುಂಬಕ್ಕೆ ಮಾರಲ್ಪಟ್ಟನು. 1740ರ ದಶಕದಲ್ಲಿ ಅವನಿಗೆ ಬಿಡುಗಡೆಯಾಯಿತು. ರೂತ್ ಮೋಸಸ್ ಎಂಬ ವಾಂಪನೋಗ್ ಹೆಣ್ಣನ್ನು ಮದುವೆಯಾದನು. ಅವರ ಹತ್ತು ಮಕ್ಕಳಲ್ಲಿ ಏಳನೆಯವನಾಗಿ ಪಾಲ್ 1759ರ ಜನವರಿಯಲ್ಲಿ ಕಟಿಹಂಕ್ ಎಂಬ ಪುಟ್ಟ ದ್ವೀಪದಲ್ಲಿ ಹುಟ್ಟಿದನು. ಬಿಡುಗಡೆಯಾದ ಗುಲಾಮನಾಗಿದ್ದ ತಂದೆ ದುಡಿದು ಉಳಿಸಿದ ಹಣದಿಂದ ಮುಂದೆ ವೆಸ್ಟ್‌ಪೋರ್ಟಿನಾಗಲಿದ್ದ ಭಾಗದಲ್ಲಿ 116 ಎಕರೆ ಹೊಲ ಕೊಂಡನು. 1772ರಲ್ಲಿ ಅವನು ತೀರಿಕೊಂಡಾಗ ಪಾಲ್‌ಗೆ ಹದಿಮೂರು ವರ್ಷ.

ಅಲ್ಲಿಯವರೆಗೆ ಆ ಮಕ್ಕಳ ಮನೆತನದ ಹೆಸರು ಒಡೆಯನ ‘ಸ್ಲೋಕಮ್’ ಎಂದೇ ಇತ್ತು. 1778ರ ಸುಮಾರಿಗೆ ಪಾಲ್ ಮತ್ತು ಅವನ ಒಡಹುಟ್ಟಿದವರಲ್ಲಿ ಹೆಚ್ಚಿನವರು ಅದನ್ನು ಬಿಟ್ಟು ತಂದೆಯ ಸ್ವಂತ ಹೆಸರನ್ನೇ ಮನೆತನದ ಹೆಸರಾಗಿ ತೆಗೆದುಕೊಂಡರು. ನಮ್ಮಲ್ಲಿ ತಂದೆಯ ಹೆಸರಿನ ಮೊದಲ ಅಕ್ಷರ ಮಗನ ಹೆಸರಿನ ಮುಂದೆ ಕೂರುವುದು ತೀರ ಸಹಜ ಸಂಗತಿ. ಅದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಆದರೆ ಆ ಕಾಲದ ಅಮೆರಿಕದಲ್ಲಿ ಅದು ಸಹಜವಾಗಿರಲಿಲ್ಲ. ಕೋಫಿ ಎಂಬುದು ಗುಲಾಮರ ಹೆಸರೆಂದು ಕೇಳಿದ ಕೂಡಲೇ ತಿಳಿಯುತ್ತಿತ್ತು. ಅದನ್ನು ಮರೆಮಾಚುವ ಬದಲು ‘ಕಫೀ’ ಎಂದು ಬರೆದು ಸಹಿ ಹಾಕಿದ್ದು ಪಾಲ್ ಕಟ್ಟಿದ ಮೊದಲ ವಸ್ತುವೆನ್ನಬಹುದು.

ತಿಮಿಂಗಿಲ ಬೇಟೆ ಆಗ ಆ ಕರಾವಳಿಯ ಮುಖ್ಯ ಉದ್ಯಮವಾಗಿ ಬೆಳೆಯುತ್ತಿತ್ತು. ತಿಮಿಂಗಿಲದ ಕೊಬ್ಬನ್ನು ಕಾಯಿಸಿ ತೆಗೆದ ಎಣ್ಣೆಯಿಂದ ಲಂಡನ್ ಮತ್ತು ಬಾಸ್ಟನ್ನಿನ ದೀಪಗಳು ಉರಿಯುತ್ತಿದ್ದವು. ಸ್ಪರ್ಮ್ ತಿಮಿಂಗಿಲದ ತಲೆಯಲ್ಲಿ ದೊರೆಯುವ ಮೇಣದಂಥ ದ್ರವ್ಯದಿಂದ ಹೊಗೆಯಿಲ್ಲದೆ ಬೆಳಗುವ ಮೇಣದಬತ್ತಿ ತಯಾರಾಗುತ್ತಿತ್ತು. ಹಲ್ಲಿಲ್ಲದ ಜಾತಿಯ ತಿಮಿಂಗಿಲಗಳ ಬಾಯೊಳಗಿನ ಬಾಗುವ ಪಟ್ಟಿಗಳು ಹೆಂಗಸರ ಒಳಕವಚಕ್ಕೂ ಕೊಡೆಯ ಕಡ್ಡಿಗೂ ಬಳಕೆಯಾಗುತ್ತಿದ್ದವು. ಹಡಗಿನ ಕೆಲಸ ಅಪಾಯದ್ದು, ಆಳುಗಳು ಸದಾ ಬೇಕು. ಆದುದರಿಂದ ಹೊಲ, ಅಂಗಡಿ, ಕಚೇರಿಗಳಲ್ಲಿ ಮುಚ್ಚಿದ್ದ ಬಾಗಿಲು ಕಪ್ಪು ಜನರಿಗೂ ಮೂಲನಿವಾಸಿಗಳಿಗೂ ಹಡಗಿನ ಅಟ್ಟದ ಮೇಲೆ ಸ್ವಲ್ಪ ತೆರೆದಿತ್ತು. ಹುಟ್ಟು ಹಾಕುವ, ಭರ್ಜಿ ಎಸೆಯುವ ಕೈಗಳ ಬಣ್ಣವನ್ನು ಯಾರೂ ಹೆಚ್ಚು ವಿಚಾರಿಸುತ್ತಿರಲಿಲ್ಲ. ಕಪ್ತಾನನ ಕೋಣೆ ಮತ್ತು ಒಡೆತನದ ಪತ್ರದ ಮಾತು ಬೇರೆ.

ಪಾಲ್ ಹದಿಹರೆಯದಲ್ಲಿಯೇ ಬೇಟೆಯ ಹಡಗನ್ನೇರಿದನು. 1776ರಲ್ಲಿ ಅವನಿದ್ದ ಹಡಗನ್ನು ಬ್ರಿಟಿಷರು ಹಿಡಿದರು; ನ್ಯೂಯಾರ್ಕಿನಲ್ಲಿ ಮೂರು ತಿಂಗಳ ಸೆರೆವಾಸವಾಯಿತು. ಬಿಡುಗಡೆಯಾಗಿ ಮನೆಗೆ ಮರಳಿದವನು ಅಣ್ಣ ಡೇವಿಡ್‌ನೊಡನೆ ಮೇಲ್ಚಾವಣಿಯಿಲ್ಲದ ದೋಣಿಯೊಂದನ್ನು ಕಟ್ಟಿ, ಬ್ರಿಟಿಷ್ ನೌಕೆಗಳ ಕಾವಲನ್ನು ರಾತ್ರಿ ಹೊತ್ತು ತಪ್ಪಿಸಿ ನಾನ್‌ಟಕೆಟ್ಟಿಗೆ ಸರಕು ಸಾಗಿಸಲು ಹೊರಟನು. ಕಡಲಿನ ಅಬ್ಬರಕ್ಕೆ ಹೆದರಿದ ಅಣ್ಣ ಹೊಲಕ್ಕೆ ಹಿಂತಿರುಗಿದನು. ಪಾಲ್ ಒಬ್ಬನೇ ಮತ್ತೊಂದು ದೋಣಿ ಕಟ್ಟಿದನು. ಕಡಲ್ಗಳ್ಳರು ಸರಕನ್ನೂ ದೋಣಿಯನ್ನೂ ಕಿತ್ತುಕೊಂಡರು. ಅವನು ಇನ್ನೊಂದನ್ನು ಕಟ್ಟಿದನು.

ಇದೇ ದಿನಗಳಲ್ಲಿ ನೆಲದ ಮೇಲೆ ಬೇರೊಂದು ಹೋರಾಟ ನಡೆದಿತ್ತು. ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲವೆಂದು ಇಂಗ್ಲೆಂಡಿನ ವಿರುದ್ಧ ಯುದ್ಧ ಹೂಡಿದ್ದ ಮ್ಯಾಸಚೂಸೆಟ್ಸ್, ಮತದ ಹಕ್ಕಿಲ್ಲದ ಕಪ್ಪು ಜನರಿಂದ ತೆರಿಗೆ ಕೇಳುತ್ತಿತ್ತು. ಪಾಲ್ ಮತ್ತು ಅವನ ಅಣ್ಣ ಜಾನ್ ಅದನ್ನು ಕೊಡಲೊಪ್ಪಲಿಲ್ಲ. 1780ರ ಫೆಬ್ರವರಿಯಲ್ಲಿ ಅವರಿಬ್ಬರೂ ಸೇರಿ ಏಳು ಮಂದಿ ರಾಜ್ಯದ ಶಾಸನಸಭೆಗೆ ಮನವಿ ಬರೆದರು: ನಮ್ಮ ಮೇಲೆ ತೆರಿಗೆ ಹೇರುವವರನ್ನು ಆರಿಸುವ ಅಧಿಕಾರ ನಮಗಿಲ್ಲ, ಆದರೂ ನಮ್ಮವರು ನಿಮ್ಮ ಯುದ್ಧದಲ್ಲಿ ಹೋರಾಡಿದ್ದಾರೆ ಎಂಬುದು ಅದರ ತಿರುಳು. ಸಭೆ ಮನವಿಯನ್ನು ಪುರಸ್ಕರಿಸಲಿಲ್ಲ. ಆ ವರ್ಷದ ಕೊನೆಯಲ್ಲಿ ಸೋದರರಿಬ್ಬರನ್ನೂ ಟಾಂಟನ್ ಊರಿನ ಸೆರೆಮನೆಗೆ ಹಾಕಲಾಯಿತು. ಕೊನೆಗೆ ಬಾಕಿಯ ಒಂದು ಭಾಗವನ್ನು ಕಟ್ಟಿ ವ್ಯಾಜ್ಯ ಮುಗಿಸಿದರು. ಇತ್ತ, ಕಪ್ಪು ಜನರಿಗೂ ಮೂಲನಿವಾಸಿಗಳಿಗೂ ಮತವಿಲ್ಲವೆಂದು ಬರೆದಿದ್ದ 1778ರ ಕರಡು ಸಂವಿಧಾನವನ್ನು ಜನರು ತಿರಸ್ಕರಿಸಿದ್ದರು. 1780ರಲ್ಲಿ ಜಾರಿಗೆ ಬಂದ ಸಂವಿಧಾನದಲ್ಲಿ ಬಣ್ಣದ ನಿರ್ಬಂಧವಿರಲಿಲ್ಲ. ಅದು ಕೇಳಿದ್ದು ಆಸ್ತಿಯನ್ನು. ಈ ವ್ಯಾಜ್ಯದಿಂದ ಕಫೀ ಕಲಿತ ಪಾಠವೇನೆಂಬುದನ್ನು ಅವನ ಮುಂದಿನ ನಡೆಯೇ ಹೇಳುತ್ತದೆ. ಮನವಿಗೆ ಕಿವಿಗೊಡದವರು ಆಸ್ತಿಯ ಮಾತನ್ನು ಕೇಳಲೇಬೇಕಾಗಿತ್ತು. ಆ ಊರಿನಲ್ಲಿ ಆಸ್ತಿಯೆಂದರೆ ನೆಲ, ಮತ್ತು ಹಡಗು.

1783ರಲ್ಲಿ ಕಫೀ ಆಲಿಸ್ ಪೆಕ್ವಿಟ್ ಎಂಬ ವಾಂಪನೋಗ್ ಹೆಣ್ಣನ್ನು ಮದುವೆಯಾದನು. ಅಕ್ಕ ಮೇರಿಯ ಗಂಡ ಮೈಕೆಲ್ ವೇನರ್ ಅವನ ಉದ್ಯಮದ ಪಾಲುಗಾರನಾದನು. ಒಂದು ಹಡಗಿನ ಒಡೆತನವನ್ನು ಕಾಲು, ಎಂಟನೆಯ ಒಂದು ಹೀಗೆ ಪಾಲುಗಳಾಗಿ ಹಂಚಿಕೊಳ್ಳುವುದು ಆ ಕರಾವಳಿಯ ವಾಡಿಕೆ; ಹಡಗು ಮುಳುಗಿದರೆ ನಷ್ಟ ಒಬ್ಬನ ತಲೆಗೆ ಬರುವುದಿಲ್ಲ. ಕಫೀ ಈ ವಾಡಿಕೆಯನ್ನೇ ಕುಟುಂಬದೊಳಗೆ ತಂದನು. ಭಾವ, ಅಕ್ಕನ ಮಕ್ಕಳು, ಮುಂದೆ ಅಳಿಯಂದಿರು ಹಡಗು ಕಟ್ಟುವವರೂ ನಡೆಸುವವರೂ ಪಾಲುದಾರರೂ ಆದರು.

ಕೆಲಸದ ಕ್ರಮ ಸರಳವಾಗಿ ಹೀಗೆ. ಇಳಿಜಾರಿನ ದಂಡೆಯ ಮೇಲೆ ಹಡಗಿನ ಬೆನ್ನೆಲುಬಾದ ಓಕ್ ಮರದ ಅಡಿಮರವನ್ನು ಹೂಡಬೇಕು. ಅದಕ್ಕೆ ಸಹಜವಾಗಿಯೇ ಬಾಗಿ ಬೆಳೆದ ಮರಗಳನ್ನು ಹುಡುಕಿ ತಂದು ಪಕ್ಕೆಲುಬುಗಳನ್ನು ನಿಲ್ಲಿಸಬೇಕು. ಮೇಲೆ ಹಲಗೆಗಳನ್ನು ಮರದ ಗೂಟಗಳಿಂದ ಬಿಗಿಯಬೇಕು. ಹಲಗೆಗಳ ಸಂದಿಗಳಿಗೆ ಹಳೆಯ ಹಗ್ಗ ಬಿಚ್ಚಿದ ನಾರನ್ನು ತುರುಕಿ, ಬಿಸಿ ರಾಳ ಬಳಿಯಬೇಕು. ಮರವನ್ನು ಕಾಡಿನಿಂದ ಪಡೆಯಬಹುದು, ಶ್ರಮವನ್ನು ಮನೆಯವರಿಂದ ಪಡೆಯಬಹುದು. ಆದರೆ ಕಬ್ಬಿಣದ ಸಾಮಾನುಗಳಿಗೆ ಕೈಯಲ್ಲಿ ಹಣ ಬೇಕು. ಆ ಹಣ ಸಮುದ್ರದಿಂದಲೇ ಬರಬೇಕು. ಹೀಗೆ ಕಫೀಯ ಪ್ರತಿಯೊಂದು ಹಡಗೂ ಅದಕ್ಕಿಂತ ಹಿಂದಿನ ಹಡಗಿನ ದುಡಿಮೆಯಿಂದ ಹುಟ್ಟಿತು.

ಇದಕ್ಕೆ 1793ರ ಬೇಟೆ ಒಳ್ಳೆಯ ನಿದರ್ಶನ. 42 ಟನ್ನಿನ ‘ಮೇರಿ’ಯಲ್ಲಿ ಹತ್ತು ಜನರನ್ನೂ ಎರಡೇ ಬೇಟೆದೋಣಿಗಳನ್ನೂ ಇಟ್ಟುಕೊಂಡು ಕಫೀ ನ್ಯೂಫೌಂಡ್‌ಲ್ಯಾಂಡಿನ ಬಳಿಯ ಬೆಲ್ ಐಲ್ ಜಲಸಂಧಿಗೆ ಹೋದನು. ಅಲ್ಲಿ ಸಕಲ ಸಜ್ಜಿನ ನಾಲ್ಕು ಹಡಗುಗಳು ಮೊದಲೇ ಬೀಡುಬಿಟ್ಟಿದ್ದವು. ಒಂದೇ ಜಾಗದಲ್ಲಿ ಸೇರಿದ ಹಡಗುಗಳು ಕೂಡಿ ಬೇಟೆಯಾಡುವುದು ಬೇಟೆಗಾರರ ಸಂಪ್ರದಾಯ. ಆ ನಾಲ್ವರೂ ಕಫೀಯನ್ನು ಸೇರಿಸಿಕೊಳ್ಳಲಿಲ್ಲ. ಅವನು ತಾನೊಬ್ಬನೇ ಬೇಟೆಗಿಳಿದನು. ಅವನಿಂದ ತಿಮಿಂಗಿಲಗಳು ಬೆದರಿ ಓಡಿಹೋದಾವೆಂಬ ಅಂಜಿಕೆಯಿಂದ ಉಳಿದವರು ಆಮೇಲೆ ಜೊತೆಗೂಡಿದರು. ಆ ಋತುವಿನಲ್ಲಿ ಸಿಕ್ಕ ಏಳು ತಿಮಿಂಗಿಲಗಳಲ್ಲಿ ಆರನ್ನು ಹೊಡೆದವರು ಕಫೀಯ ಜನ. ಎರಡು ಅವನ ಕೈಯಿಂದಲೇ ಸತ್ತವು. ಎಣ್ಣೆಯನ್ನೂ ಎಲುಬನ್ನೂ ಹೇರಿಕೊಂಡು ಊರಿಗೆ ಬಂದವನು ಅಲ್ಲಿಂದ ಫಿಲಡೆಲ್ಫಿಯಕ್ಕೆ ಹೋಗಿ, ಆ ಸರಕಿಗೆ ಬದಲಾಗಿ ಕಬ್ಬಿಣದ ಸಾಮಾನು ಕೊಂಡು ತಂದನು. ಅದರಿಂದ 69 ಟನ್ನಿನ ‘ರೇಂಜರ್’ ವೆಸ್ಟ್‌ಪೋರ್ಟಿನಲ್ಲಿ ಸಿದ್ಧವಾಯಿತು.

ಆ ರೇಂಜರ್ ಮೇರಿಲ್ಯಾಂಡ್ ರಾಜ್ಯದ ವಿಯೆನ್ನಾ ಎಂಬ ಪುಟ್ಟ ಬಂದರಿಗೆ ಜೋಳ ಕೊಳ್ಳಲು ಹೋದ ಪ್ರಸಂಗ ಕಫೀಯ ಬದುಕಿನಲ್ಲಿ ಪ್ರಸಿದ್ಧವಾದದ್ದು. ಅದು ಗುಲಾಮಗಿರಿಯ ನಾಡು. ಕಪ್ಪು ಒಡೆಯ, ಕಪ್ಪು ಕಪ್ತಾನ, ಹಡಗಿನಲ್ಲಿರುವವರೆಲ್ಲ ಕಪ್ಪು ಜನ: ಇಂಥ ದೃಶ್ಯವನ್ನು ಆ ಊರು ಕಂಡಿರಲಿಲ್ಲ. ಹೈಟಿಯಲ್ಲಿ ಗುಲಾಮರು ದಂಗೆಯೆದ್ದಿದ್ದ ಕಾಲ. ತಮ್ಮ ಗುಲಾಮರೂ ಇವರನ್ನು ನೋಡಿ ಎಚ್ಚೆತ್ತಾರೆಂದು ಊರಿನವರು ಗಾಬರಿಗೊಂಡು ಹಡಗನ್ನು ಒಳಗೆ ಬಿಡಬಾರದೆಂದರು. ಅಪಾಯ ಕಫೀಯದೂ ಹೌದು. ಓಡಿಹೋದ ಗುಲಾಮರನ್ನು ಹಿಡಿದುಕೊಡಬೇಕೆಂಬ 1793ರ ಕಾನೂನಿನ ಮರೆಯಲ್ಲಿ ಸ್ವತಂತ್ರರನ್ನೂ ಹಿಡಿದು ಮಾರುವವರಿದ್ದರು. ಕಫೀ ತನ್ನ ಕಾಗದಪತ್ರಗಳನ್ನು ಸುಂಕದ ಅಧಿಕಾರಿಯ ಮುಂದೆ ಇಟ್ಟನು. ಅವುಗಳಲ್ಲಿ ಒಂದು ಲೋಪವಿರಲಿಲ್ಲ. ತನ್ನ ಜನರ ನಡತೆಯಲ್ಲಿಯೂ ಲೋಪ ಬರದಂತೆ ನೋಡಿಕೊಂಡನು. ಕೆಲವೇ ದಿನಗಳಲ್ಲಿ ಊರಿನ ಪ್ರಮುಖರೊಬ್ಬರು ಅವನನ್ನು ತಮ್ಮ ಮನೆಯ ಊಟಕ್ಕೆ ಕರೆದರು. 3,000 ಬುಷೆಲ್ ಜೋಳ ತುಂಬಿಕೊಂಡು ಹೊರಟ ಆ ಪ್ರಯಾಣದಲ್ಲಿ ಅವನಿಗೆ ಸುಮಾರು 1,000 ಡಾಲರ್ ಲಾಭವಾಯಿತೆಂದು ಅವನ ಜೀವನ ವೃತ್ತಾಂತ ಹೇಳುತ್ತದೆ.

ಲೋಪವಿಲ್ಲದ ಕಾಗದ, ಲೋಪವಿಲ್ಲದ ನಡತೆ. ಇದನ್ನು ಓದುವಾಗ ಮೆಚ್ಚುಗೆಯೊಡನೆ ಒಂದು ಬೇಸರವೂ ಹುಟ್ಟುತ್ತದೆ. ಬಿಳಿಯ ಕಪ್ತಾನನೊಬ್ಬನು ಜೋಳ ಕೊಳ್ಳಲು ಬಂದಿದ್ದರೆ ಹಣವಿದ್ದರೆ ಸಾಕಾಗುತ್ತಿತ್ತು.

ಊರಿನಲ್ಲಿಯೂ ಹಾಗೆಯೇ. ವೆಸ್ಟ್‌ಪೋರ್ಟಿನ ಆ ಭಾಗದಲ್ಲಿ ಮಕ್ಕಳಿಗೆ ಶಾಲೆಯಿರಲಿಲ್ಲ. ಒಂದನ್ನು ಕಟ್ಟೋಣವೆಂದು ಕಫೀ ನೆರೆಹೊರೆಯವರನ್ನು ಸೇರಿಸಿದನು. ಚರ್ಚೆ ಒಮ್ಮತಕ್ಕೆ ಬರಲಿಲ್ಲ. 1797ರ ಸುಮಾರಿಗೆ ಅವನು ತನ್ನ ನೆಲದಲ್ಲಿ, ತನ್ನ ಹಣದಿಂದ ಶಾಲೆ ಕಟ್ಟಿ, ಬಣ್ಣದ ಭೇದವಿಲ್ಲದೆ ಎಲ್ಲ ಮಕ್ಕಳಿಗೂ ಅದನ್ನು ತೆರೆದಿಟ್ಟನು. ಕೂಡಿ ಕಟ್ಟಲು ಒಪ್ಪದವರ ಮಕ್ಕಳೂ ಅಲ್ಲಿಗೆ ಬರಬಹುದಾಗಿತ್ತು. ಬೆಲ್ ಐಲ್‌ನಲ್ಲಿ ಆದದ್ದೇ ಇಲ್ಲಿಯೂ ಆಯಿತು: ಯಾರೂ ಜೊತೆಗೂಡದಿದ್ದರೆ ಒಬ್ಬನೇ ಆರಂಭಿಸುವುದು, ಆಮೇಲೆ ಬಂದವರನ್ನು ದೂರವಿಡದಿರುವುದು. 1808ರಲ್ಲಿ ಕಫೀ ಕ್ವೇಕರ್ ಪಂಥದ ಸದಸ್ಯನಾದನು. 1813ರಲ್ಲಿ ಊರಿನ ಕ್ವೇಕರರ ಹೊಸ ಸಭಾಮಂದಿರ ಏಳುವಾಗ ವೆಚ್ಚದ ದೊಡ್ಡ ಪಾಲನ್ನು ಕೊಟ್ಟವನೂ ಅವನೇ.

ಅಷ್ಟರಲ್ಲಿ ಹಡಗುಗಳು ಬೆಳೆಯುತ್ತಲೇ ಇದ್ದವು. 162 ಟನ್ನಿನ ‘ಹೀರೋ’, 1806ರಲ್ಲಿ 268 ಟನ್ನಿನ ‘ಆಲ್ಫಾ’, ಮರುವರ್ಷ 109 ಟನ್ನಿನ ‘ಟ್ರಾವೆಲರ್’. ಆಲ್ಫಾದಲ್ಲಿ ಮುಕ್ಕಾಲು ಪಾಲು ಕಫೀಯದು; ಅದನ್ನು ಅವನೇ ಕಪ್ಪು ನಾವಿಕರೊಡನೆ ದಕ್ಷಿಣದ ಸವಾನಾದ ಮೂಲಕ ಸ್ವೀಡನ್ನಿನ ಗೋಥೆನ್‌ಬರ್ಗಿನವರೆಗೆ ನಡೆಸಿದನು.

ಮುಂಬಯಿಯಲ್ಲಿರುವ ನಮಗೆ ಇಲ್ಲೊಂದು ಹೋಲಿಕೆ ನೆನಪಾಗುವುದು ಸಹಜ. ಅದೇ ವರ್ಷಗಳಲ್ಲಿ ಇಲ್ಲಿಯ ಹಡಗುಕಟ್ಟೆಯಲ್ಲಿ ಪಾರ್ಸಿ ವಾಡಿಯಾ ಮನೆತನದ ಜಮ್‌ಶೇಟ್‌ಜಿ ಬೋಮನ್‌ಜಿ ತೇಗದ ಮರದ ಹಡಗುಗಳನ್ನು ಕಟ್ಟುತ್ತಿದ್ದರು. 1810ರಲ್ಲಿ ನೀರಿಗಿಳಿದ ‘ಮಿಂಡನ್’ ಬ್ರಿಟಿಷ್ ನೌಕಾಪಡೆಯ ಯುದ್ಧನೌಕೆಯಾಯಿತು. ಕೌಶಲದಲ್ಲಿಯೂ ಗಾತ್ರದಲ್ಲಿಯೂ ವಾಡಿಯಾ ಹಡಗುಗಳ ಮುಂದೆ ಕಫೀಯವು ಚಿಕ್ಕವು. ಆದರೆ ಮಿಂಡನ್ ಎಲ್ಲಿಗೆ ಹೋಗಬೇಕೆಂಬುದನ್ನು ಕಟ್ಟಿದವರು ನಿರ್ಧರಿಸಲಿಲ್ಲ. ವೆಸ್ಟ್‌ಪೋರ್ಟಿನಲ್ಲಿ ಅಡಿಮರ ಹೂಡಿದವನೇ ಹಡಗಿನ ಒಡೆಯ, ಅವನೇ ಚುಕ್ಕಾಣಿಯನ್ನೂ ಹಿಡಿದವನು.

ಆ ಚುಕ್ಕಾಣಿ ಆಫ್ರಿಕದ ಕಡೆಗೆ ತಿರುಗಿದ್ದು ಈ ಘಟ್ಟದಲ್ಲಿ. ಗುಲಾಮರ ವ್ಯಾಪಾರವನ್ನು ಬ್ರಿಟನ್ 1807ರಲ್ಲಿ ನಿಷೇಧಿಸಿತು. ಅಮೆರಿಕಕ್ಕೆ ಗುಲಾಮರನ್ನು ತರುವುದು 1808ರ ಆರಂಭದಿಂದ ನಿಂತಿತು. ಕಾಗದದ ಮೇಲೆ ನಿಂತ ವ್ಯಾಪಾರ ಕಡಲಿನಲ್ಲಿ ನಡೆದೇ ಇತ್ತು. ಆಫ್ರಿಕದ ಕರಾವಳಿಯಲ್ಲಿ ಮನುಷ್ಯರ ಬದಲು ಬೇರೆ ಸರಕಿನ ವ್ಯಾಪಾರ ಬೇರೂರಬೇಕು, ಅದನ್ನು ಕಪ್ಪು ಜನರೇ ತಮ್ಮ ಹಡಗುಗಳಲ್ಲಿ ನಡೆಸಬೇಕು ಎಂಬುದು ಕಫೀಯ ಆಲೋಚನೆ. 1811ರ ಮಾರ್ಚ್ ಒಂದರಂದು ಟ್ರಾವೆಲರ್ ಸಿಯೆರಾ ಲಿಯೋನಿನ ಫ್ರೀಟೌನ್ ತಲುಪಿತು. ಅಲ್ಲಿಂದ ಇಂಗ್ಲೆಂಡಿಗೆ ಹೋದ ಕಫೀ ಕಪ್ಪು ನಾವಿಕರ ಹಡಗನ್ನು ಲಿವರ್‌ಪೂಲ್ ಬಂದರಿನಲ್ಲಿ ನಿಲ್ಲಿಸಿದನು. ಕೆಲವು ವರ್ಷಗಳ ಹಿಂದಿನವರೆಗೂ ಗುಲಾಮರ ಹಡಗುಗಳು ಹೊರಡುತ್ತಿದ್ದ ಬಂದರು ಅದು.

1812ರ ವಸಂತದಲ್ಲಿ ಅವನು ಹಿಂತಿರುಗುವ ವೇಳೆಗೆ ಬ್ರಿಟನ್ನಿನೊಡನೆ ಅಮೆರಿಕದ ವ್ಯಾಪಾರ ನಿಷೇಧಗೊಂಡಿತ್ತು. ಸುಂಕದ ಅಧಿಕಾರಿಗಳು ಟ್ರಾವೆಲರನ್ನು ಸರಕಿನೊಡನೆ ವಶಪಡಿಸಿಕೊಂಡರು. ಕಫೀ ನೇರವಾಗಿ ವಾಷಿಂಗ್ಟನ್ನಿಗೆ ಹೋಗಿ ಮೇ ಎರಡರಂದು ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ನನನ್ನು ಕಂಡು, ತನ್ನ ಹಡಗನ್ನು ಬಿಡಿಸಿಕೊಂಡನು. ಮರಳುವ ದಾರಿಯಲ್ಲಿ ಬಾಲ್ಟಿಮೋರಿನ ವಸತಿಗೃಹವೊಂದರಲ್ಲಿ, ಆಳುಗಳ ಜೊತೆ ಕೂರುವುದಾದರೆ ಮಾತ್ರ ಊಟವೆಂದರು. ಅವನು ಒಪ್ಪದೆ ಹೊರನಡೆದನು. ದೇಶದ ಅಧ್ಯಕ್ಷನು ಬರಮಾಡಿಕೊಂಡವನಿಗೆ ಅದೇ ವಾರಗಳಲ್ಲಿ ಒಂದು ಊಟದ ಮೇಜಿನಲ್ಲಿ ಜಾಗವಿರಲಿಲ್ಲ. ಇದನ್ನು ಅವನು ತನ್ನ ದಿನಚರಿಯಲ್ಲಿ ಹೆಚ್ಚು ಮಾತಿಲ್ಲದೆ ಬರೆದಿಟ್ಟಿದ್ದಾನೆ.

ಯುದ್ಧ ಮುಗಿದ ಮೇಲೆ, 1815ರ ಡಿಸೆಂಬರ್ ಹತ್ತರಂದು, 38 ಜನರನ್ನು ಹೊತ್ತು ಟ್ರಾವೆಲರ್ ಮತ್ತೆ ಸಿಯೆರಾ ಲಿಯೋನಿಗೆ ಹೊರಟಿತು. ಅವರಲ್ಲಿ ಇಪ್ಪತ್ತು ಮಂದಿ ಮಕ್ಕಳು. ಬಹುಪಾಲು ಖರ್ಚನ್ನು ಕಫೀಯೇ ಹೊತ್ತನು. ಆದರೆ ಆ ಹಡಗಿನಲ್ಲಿ ನೆಲೆಸಲು ಹೊರಟವರಲ್ಲಿ ಅವನ ಹೆಂಡತಿ ಇರಲಿಲ್ಲ. ಆಲಿಸ್‌ಗೆ ತನ್ನ ಹುಟ್ಟುನೆಲವನ್ನು ಬಿಡುವ ಮನಸ್ಸಿಲ್ಲವೆಂದು ಕಫೀಯೇ ತಿಳಿಸಿದ್ದಾನೆ. ಕಫೀಯ ಜೀವನಚರಿತ್ರೆಗಳಲ್ಲಿ ಇದು ಒಂದೆರಡು ಸಾಲಿನಲ್ಲಿ ಮುಗಿಯುವ ವಿಷಯ. ನನಗೆ ಮಾತ್ರ ಇಡೀ ಕಥೆಯ ತೂಕ ಇಲ್ಲಿದೆಯೆನಿಸುತ್ತದೆ. ಆಲಿಸ್ ವಾಂಪನೋಗ್ ಹೆಣ್ಣು. ಹಡಗುಗಳು ಬರುವುದಕ್ಕೆ ಎಷ್ಟೋ ಕಾಲ ಮೊದಲಿನಿಂದ ಆ ನದಿ, ಆ ದಂಡೆ ಅವಳ ಜನರದು. ಅವಳು ‘ಮರಳಿ’ ಹೋಗಬೇಕಾದ ಬೇರೆ ನೆಲವಿರಲಿಲ್ಲ. ಕಫೀಯ ತಾಯಿಯ ಮಾತೂ ಅದೇ. ಆಫ್ರಿಕ ಅವನ ತಂದೆಯ ನೆಲವಾದರೆ, ವೆಸ್ಟ್‌ಪೋರ್ಟ್ ಅವನ ತಾಯಿಯ ನೆಲ. ಅವನು ಫ್ರೀಟೌನಿಗೆ ಹೋದನು, ಎರಡು ಸಲವೂ ತಿರುಗಿ ಬಂದನು.

ಅವನ ಆಲೋಚನೆ ಬೇರೆಯವರ ಕೈಯಲ್ಲಿ ಬೇರೆಯಾಯಿತು. 1816ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಅಮೆರಿಕನ್ ವಸಾಹತು ಸಂಘ ಸ್ಥಾಪನೆಯಾಯಿತು. ಸ್ವತಂತ್ರರಾದ ಕಪ್ಪು ಜನರನ್ನು ಆಫ್ರಿಕಕ್ಕೆ ಕಳಿಸುವುದು ಅದರ ಗುರಿ. ಅದರ ಮುಂದಾಳುಗಳಲ್ಲಿ ಗುಲಾಮರ ಒಡೆಯರಿದ್ದರು. ಕಫೀಯ ಪ್ರಯಾಣ ಅವರಿಗೆ ಮಾದರಿಯಾಗಿ ಒದಗಿತು. ಮರುತಿಂಗಳು ಫಿಲಡೆಲ್ಫಿಯದ ಬೆಥೆಲ್ ಚರ್ಚಿನಲ್ಲಿ ಸುಮಾರು 3,000 ಕಪ್ಪು ಜನರು ಸೇರಿದರು. ಹಾಯಿ ತಯಾರಿಸುವ ಉದ್ಯಮಿಯೂ ಕಫೀಯ ಗೆಳೆಯನೂ ಆದ ಜೇಮ್ಸ್ ಫೋರ್ಟನ್ ಸಭೆಯ ಮುಂದಾಳು. ಹೋಗಲು ಒಪ್ಪಿದ ಒಂದೇ ಒಂದು ದನಿ ಅಲ್ಲಿರಲಿಲ್ಲವೆಂದು ಅವನು ಕಫೀಗೆ ಪತ್ರ ಬರೆದನು. ತಾನೇ ಬಯಸಿ ಹಡಗನ್ನೇರುವುದಕ್ಕೂ ಇನ್ನೊಬ್ಬರು ಹಡಗಿಗೆ ಹತ್ತಿಸುವುದಕ್ಕೂ ಇರುವ ಅಂತರ ಆ ಜನರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಹಿರಿಯರು ಈ ನೆಲಕ್ಕೆ ಬಂದದ್ದೇ ಹಾಗೆ.

1817ರ ಸೆಪ್ಟೆಂಬರಿನಲ್ಲಿ ಕಫೀ ವೆಸ್ಟ್‌ಪೋರ್ಟಿನ ತನ್ನ ಮನೆಯಲ್ಲಿ ತೀರಿಕೊಂಡನು. ತಾನು ಕಟ್ಟಲು ನೆರವಾದ ಸಭಾಮಂದಿರದ ಅಂಗಳದಲ್ಲಿಯೇ ಅವನ ಸಮಾಧಿಯಿದೆ, ಪಕ್ಕದಲ್ಲಿ ಆಲಿಸ್. ಅಳಿಯ ಪಾರ್ಡನ್ ಕುಕ್ ಮುಂದೆ ತಿಮಿಂಗಿಲ ಬೇಟೆಯ ಹಡಗುಗಳ ಕಪ್ತಾನನಾದನು. 1913ರಲ್ಲಿ ಕಫೀಯ ವಂಶದವನೊಬ್ಬನು ಅಲ್ಲಿ ಸ್ಮಾರಕಶಿಲೆಯನ್ನು ನಿಲ್ಲಿಸಿದನು.

ಹುಟ್ಟಿದ ಊರನ್ನು ಬಿಟ್ಟು ಬೇರೆ ನಗರಗಳಲ್ಲಿ ನೆಲೆಸಿದ ನಮ್ಮಂಥವರನ್ನು ‘ನಿಮ್ಮ ಊರು ಯಾವುದು’ ಎಂದು ಯಾರಾದರೂ ಕೇಳಿದರೆ ಎರಡು ಹೆಸರು ಒಟ್ಟಿಗೆ ನಾಲಿಗೆಗೆ ಬರುತ್ತವೆ. ನಮ್ಮ ವಲಸೆ ಹೊಟ್ಟೆಪಾಡಿನದು, ಬಹುಮಟ್ಟಿಗೆ ನಮ್ಮ ಇಚ್ಛೆಯದು; ಕೋಫಿಯ ಮಗನ ಅನುಭವದ ಪಕ್ಕದಲ್ಲಿ ಅದನ್ನು ಇಡಲಾಗದು. ಆದರೂ ಆ ಪ್ರಶ್ನೆ ಎರಡು ಬಗೆಯದಾಗಿರಬಲ್ಲದೆಂಬುದು ನಮಗೂ ಗೊತ್ತು. ಕುಶಲ ವಿಚಾರಿಸುವ ದನಿಯಲ್ಲಿ ಕೇಳಿದರೆ ಅದು ಸ್ನೇಹ. ಹೊರಡುವುದು ಯಾವಾಗ ಎಂಬ ದನಿಯಲ್ಲಿ ಕೇಳಿದರೆ ಬೇರೆ. ಕಫೀ ಎರಡನ್ನೂ ಕೇಳಿಸಿಕೊಂಡವನು. ಅದಕ್ಕೆ ಅವನ ಉತ್ತರ ಆ ನದಿಯ ದಂಡೆಯಲ್ಲಿ ಒಂದರ ನಂತರ ಒಂದಾಗಿ ಎದ್ದು ನಿಂತ ಹಡಗುಗಳಲ್ಲಿತ್ತು. ಅವುಗಳ ಮೇಲೆ ಬರೆದ ಬಂದರಿನ ಹೆಸರು ವೆಸ್ಟ್‌ಪೋರ್ಟ್.